ಮುದ್ರೆಯ ಮಾತು ಎಷ್ಟು ದಿನ?

ರಾಯಚೂರು ಜಿಲ್ಲೆಯ ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಕ್ಷರಗಳಿವೆ ಎಂಬುದನ್ನು 1915ರಲ್ಲಿ ವಿದ್ವಾಂಸರ ಗಮನಕ್ಕೆ ತಂದವನು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ನಿಜಾಮರ ಸೀಮೆಯಲ್ಲಿ ಬಂಗಾರದ ಜಾಡು ಹುಡುಕುತ್ತಿದ್ದವನಿಗೆ ಒಬ್ಬ ದೊರೆಯ ಹೆಸರು ಸಿಕ್ಕಿತು. ಅಲ್ಲಿಯವರೆಗೆ ಓದಿದ್ದ ಇಂಥ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಆ ಬಿರುದಿನವನು ಅಶೋಕನೇ ಎಂದು ವಿದ್ವಾಂಸರು ಬೇರೆ ಆಧಾರಗಳಿಂದ ಹೇಳುತ್ತಿದ್ದರು. ಎಚ್. ಕೃಷ್ಣಶಾಸ್ತ್ರಿಗಳು ಮಸ್ಕಿ ಶಾಸನವನ್ನು ಓದಿ ಪ್ರಕಟಿಸಿದ ಮೇಲೆ ಊಹೆಗೆ ಜಾಗ ಉಳಿಯಲಿಲ್ಲ. ಬಂಡೆಯೇ ಅಶೋಕ ಎಂದು ಹೇಳಿತ್ತು.

ಇದಾಗಿ ಸರಿಯಾಗಿ ನೂರು ವರ್ಷಕ್ಕೆ, 2015ರ ನವೆಂಬರ್ 5ರಂದು, ಭಾರತ ಸರ್ಕಾರ ತನ್ನದೇ ಹೆಸರಿನ ಬಂಗಾರದ ನಾಣ್ಯವನ್ನು ಮಾರಾಟಕ್ಕೆ ತಂದಿತು. ಒಂದು ಬದಿಯಲ್ಲಿ ಅಶೋಕ ಚಕ್ರ, ಇನ್ನೊಂದು ಬದಿಯಲ್ಲಿ ಗಾಂಧೀಜಿ. ಐದು ಗ್ರಾಂ ಮತ್ತು ಹತ್ತು ಗ್ರಾಂಗಳ ನಾಣ್ಯ, ಇಪ್ಪತ್ತು ಗ್ರಾಂನ ಗಟ್ಟಿ. 24 ಕ್ಯಾರೆಟ್, 999 ಶುದ್ಧತೆ. ತಯಾರಿಸಿದ್ದು ಸರ್ಕಾರದ ಟಂಕಸಾಲೆ, ಮಾರಿದ್ದು ಸರ್ಕಾರದ್ದೇ ವ್ಯಾಪಾರ ಸಂಸ್ಥೆ ಎಂಎಂಟಿಸಿ. ನಾಣ್ಯ ಎಂದು ಕರೆದರೂ ಅದರ ಮೇಲೆ ಇಷ್ಟು ರೂಪಾಯಿ ಎಂದು ಬರೆದಿಲ್ಲ. ಬಸ್ಸಿನಲ್ಲಿ ಟಿಕೆಟ್ಟಿಗೆ ಕೊಡಲಾಗದು, ಸಾಲಕ್ಕೆ ಮುರಿದುಕೊಳ್ಳಿ ಎಂದು ಒತ್ತಾಯಿಸಲಾಗದು. ಅದರ ಬೆಲೆ ಪೇಟೆಯ ದರದ ಜೊತೆ ಏರುತ್ತದೆ, ಇಳಿಯುತ್ತದೆ. ದೇಶದ ಅತಿ ದೊಡ್ಡ ಗುರುತನ್ನು ಒತ್ತಿದ ಮೇಲೂ ಅದಕ್ಕೆ ಒಂದು ಬೆಲೆ ಕಟ್ಟುವ ಧೈರ್ಯ ದೇಶಕ್ಕೆ ಇಲ್ಲವೆಂದರೆ, ಆ ಗುರುತು ಹೇಳುತ್ತಿರುವುದಾದರೂ ಏನನ್ನು? ರಾಯಚೂರು ಜಿಲ್ಲೆಯವರು ಕೇಳಲೇಬೇಕಾದ ಪ್ರಶ್ನೆ ಇದು. ಬಂಗಾರ ತೆಗೆಯುವ ನೆಲವೂ ಇಲ್ಲಿಯದೇ, ಅಶೋಕನ ಹೆಸರೂ ಇಲ್ಲಿಯದೇ.

ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ದೇಶದಲ್ಲಿ ಹೇಳಿಕೊಳ್ಳುವಂತೆ ಬಂಗಾರ ತೆಗೆಯುತ್ತಿರುವುದು ಲಿಂಗಸುಗೂರು ತಾಲ್ಲೂಕಿನ ಹಟ್ಟಿ. ನಿಜಾಮರ ಕಾಲದ ಕೊನೆಗೆ, 1947ರಲ್ಲಿ, ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಹುಟ್ಟಿದ ಕಂಪನಿ 1956ರಲ್ಲಿ ಹಟ್ಟಿಯ ಹೆಸರು ತಾಳಿತು. ಆದರೆ ಆ ನೆಲವನ್ನು ತೋಡಿದ್ದು ಕಂಪನಿಗಳೇ ಮೊದಲಲ್ಲ. ಹೊಸ ಗಣಿಗಾರರು ಇಳಿದಾಗ ಅವರಿಗಿಂತ ಮುಂಚೆಯೇ ಯಾರೋ 640 ಅಡಿ ಆಳದವರೆಗೆ ಹೋಗಿ ಬಂದ ಗುರುತುಗಳಿದ್ದವು. ಒಳಗೆ ಉಳಿದಿದ್ದ ಮರದ ತುಂಡುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷ ಎಂದು ಇಂಗಾಲದ ಪರೀಕ್ಷೆ ಹೇಳಿತು. ಬೆಂಕಿ ಹಚ್ಚಿ ಬಂಡೆಯನ್ನು ಕಾಯಿಸಿ, ಸೀಳಿ, ಕುಟ್ಟಿ, ತೊಳೆದು ತೆಗೆದ ಬಂಗಾರ ಅದು. ಅಶೋಕನ ದಕ್ಷಿಣದ ಆಡಳಿತ ಕೇಂದ್ರವಾದ ಸುವರ್ಣಗಿರಿ ಮಸ್ಕಿಯೋ, ಹತ್ತಿರದ ಕನಕಗಿರಿಯೋ, ಆಂಧ್ರದ ಜೊನ್ನಗಿರಿಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನನಗೆ ಕುತೂಹಲದ ಸಂಗತಿ ಬೇರೆ. ಬಂಗಾರದ ನೆಲದ ಮೇಲೆ ಕುಳಿತ ಆ ಸಾಮ್ರಾಜ್ಯದ ನಾಣ್ಯ ಬೆಳ್ಳಿಯದು. ಪೇಟೆಯಲ್ಲಿ ಓಡಾಡಿದ್ದು ಚಿಹ್ನೆಗಳನ್ನು ಒತ್ತಿದ ಬೆಳ್ಳಿಯ ಬಿಲ್ಲೆಗಳು. ದೊರೆ ತನ್ನ ಮಾತನ್ನು ಬಂಗಾರದ ಮೇಲೆ ಬರೆಸಲಿಲ್ಲ. ಯಾರೂ ಕರಗಿಸಲಾರದ, ಯಾರೂ ಮಾರಲಾರದ ಬಂಡೆಯ ಮೇಲೆ ಬರೆಸಿದ.

ಬಂಗಾರದ ನಾಣ್ಯದಲ್ಲಿ ಎರಡು ಮಾತುಗಳಿವೆ. ಲೋಹದ ಮಾತನ್ನು ಲಂಡನ್ನು, ಮುಂಬೈ, ನ್ಯೂಯಾರ್ಕ್‌ಗಳ ಪೇಟೆಗಳು ಗಳಿಗೆಗೊಮ್ಮೆ ತಿದ್ದುತ್ತವೆ. ಮುದ್ರೆಯ ಮಾತನ್ನು ಸರ್ಕಾರ ಒಮ್ಮೆ ಹೇಳುತ್ತದೆ. ಹೇಳಿದ ಮೇಲೆ ಅದು ನಿಲ್ಲಬೇಕು. ಟಂಕಸಾಲೆಯ ಕಷ್ಟವೆಲ್ಲ ಇರುವುದು ಇವೆರಡನ್ನೂ ಒಂದೇ ಚೀಟಿಯಲ್ಲಿ ಬರೆಯುವುದರಲ್ಲಿ.

ಬೆಲೆಯನ್ನು ಒಂದೇ ಅಂಕಿಯಲ್ಲಿ ಗಟ್ಟಿಮಾಡಿ ಕೂತರೆ ಏನಾಗುತ್ತದೆ ಎಂಬುದನ್ನು ಈ ದೇಶ ಎರಡು ಸಲ ನೋಡಿದೆ. ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ಬೆಳ್ಳಿ ರೂಪಾಯಿಯೊಂದೇ ಕಾನೂನಿನ ಹಣ ಎಂದು ಗೊತ್ತುಮಾಡಿತು. ಒಂದು ತೊಲಿ ತೂಕದ ಬಂಗಾರದ ಮೊಹರನ್ನೂ ಟಂಕಿಸುತ್ತಿತ್ತು. ಆದರೆ ಅದನ್ನು ತೆಗೆದುಕೊಳ್ಳಲೇಬೇಕೆಂಬ ಕಟ್ಟಳೆ ಯಾರಿಗೂ ಇರಲಿಲ್ಲ. 1841ರಲ್ಲಿ ಕಂಪನಿ ಒಂದು ಹೆಜ್ಜೆ ಮುಂದೆ ಹೋಗಿ, ಮೊಹರು ತಂದರೆ ಖಜಾನೆಯಲ್ಲಿ ಹದಿನೈದು ರೂಪಾಯಿಯ ಲೆಕ್ಕದಲ್ಲಿ ತೆಗೆದುಕೊಳ್ಳುತ್ತೇವೆ ಎಂದು ಸಾರಿತು. ಕೆಲವು ವರ್ಷ ಆ ಮಾತು ಸುಖವಾಗಿ ನಡೆಯಿತು. ಆಮೇಲೆ ಕ್ಯಾಲಿಫೋರ್ನಿಯದಲ್ಲಿ ಬಂಗಾರ ಸಿಕ್ಕಿತು, ಹಿಂದೆಯೇ ಆಸ್ಟ್ರೇಲಿಯದಲ್ಲೂ ಸಿಕ್ಕಿತು. ಬೆಳ್ಳಿಯ ಎದುರು ಬಂಗಾರದ ಬೆಲೆ ಕುಸಿಯಿತು. ಪೇಟೆಯಲ್ಲಿ ಹದಿನೈದು ಬಾಳದ ಮೊಹರಿಗೆ ಖಜಾನೆ ಹದಿನೈದು ಕೊಡುತ್ತದೆ ಎಂದಾದರೆ ಜನ ಮನೆಯಲ್ಲಿ ಕೂರುತ್ತಾರೆಯೇ? ಮೊಹರುಗಳು ಖಜಾನೆಗೆ ಬಂದು ಬೀಳತೊಡಗಿದವು. ಗವರ್ನರ್ ಜನರಲ್ ಡಾಲ್‌ಹೌಸಿಯ ಸರ್ಕಾರ 1852ರ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಡಿಸಿ, 1853ರ ಜನವರಿ 1ರಿಂದ ಬಂಗಾರದ ನಾಣ್ಯ ತೆಗೆದುಕೊಳ್ಳುವುದಿಲ್ಲ ಎಂದುಬಿಟ್ಟಿತು. ಹನ್ನೆರಡು ವರ್ಷ ಬಾಳಿದ ಮಾತು ಒಂದು ಅಧಿಸೂಚನೆಯಿಂದ ಮುಗಿಯಿತು.

ಎರಡನೆಯ ಸಲ ತಪ್ಪು ಇನ್ನೊಂದು ದಿಕ್ಕಿನಲ್ಲಿ ನಡೆಯಿತು. ಹದಿನೈದು ರೂಪಾಯಿಗೆ ನಡೆಯುತ್ತಿದ್ದ ಬ್ರಿಟನ್ನಿನ ಬಂಗಾರದ ನಾಣ್ಯ ಸವರನ್ನನ್ನು 1920ರಲ್ಲಿ ಬ್ರಿಟಿಷ್ ಸರ್ಕಾರ ಹತ್ತು ರೂಪಾಯಿ ಎಂದು ಕಾನೂನು ಮಾಡಿತು. ಪೇಟೆಯಲ್ಲಿ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು. ಹತ್ತಕ್ಕೆ ಕೊಡಲು ಯಾರು ಬರುತ್ತಾರೆ? ಕಾನೂನಿನ ಪುಸ್ತಕದಲ್ಲಿ ಒಂದು ದರ, ಸರಾಫರ ಕಟ್ಟೆಯಲ್ಲಿ ಇನ್ನೊಂದು ದರ, ಹೀಗೆ ವರ್ಷಗಟ್ಟಲೆ ನಡೆದು 1927ರಲ್ಲಿ ಹೊಸ ದರ ಬಂತು. ಎರಡೂ ಸಲ ಸರ್ಕಾರ ಲೋಹದ ಪರವಾಗಿ ತಾನೇ ಮಾತಾಡಲು ಹೋಗಿತ್ತು.

ಅದಕ್ಕೇ ಈಗಿನ ಟಂಕಸಾಲೆಗಳು ಲೋಹದ ಬೆಲೆಯನ್ನು ಗಟ್ಟಿಮಾಡುವುದಿಲ್ಲ, ಅದರ ಹಿಂದೆ ನಡೆಯುತ್ತವೆ. ಆದರೆ ಎಷ್ಟು ಹಿಂದೆ? ಅಮೆರಿಕದ ಟಂಕಸಾಲೆ ಸಂಗ್ರಾಹಕರಿಗೆ ಮಾರುವ ಬಂಗಾರದ ನಾಣ್ಯಗಳಿಗೆ 2009ರ ಜನವರಿಯಿಂದ ಒಂದು ಕೋಷ್ಟಕ ಇಟ್ಟುಕೊಂಡಿತು. ಲಂಡನ್ನಿನ ದರದ ಒಂದು ವಾರದ ಸರಾಸರಿ ತೆಗೆಯುವುದು, ಆ ಸರಾಸರಿ ಐವತ್ತು ಡಾಲರಿನ ಯಾವ ಮೆಟ್ಟಿಲ ಮೇಲಿದೆಯೋ ನೋಡಿ ಮುಂದಿನ ವಾರದ ಬೆಲೆ ಬರೆಯುವುದು. ಅದರ ಹಿಂದಿನ ವರ್ಷ ಬಂಗಾರದ ದರ ಓಲಾಡಿದಾಗ ಮಾರಾಟ ನಿಲ್ಲಿಸಿ ಹೊಸ ಬೆಲೆ ಗೊತ್ತುಮಾಡಬೇಕಾಗಿ ಬಂದಿತ್ತು. ಆ ಪೇಚಾಟ ತಪ್ಪಿಸಲು ಈ ಏರ್ಪಾಡು. ಬಂಗಾರದ ದರಕ್ಕೆ ಕಟ್ಟಿದ ನಮ್ಮ ಸರ್ಕಾರದ ಸಾಲಪತ್ರ ಸವರಿನ್ ಗೋಲ್ಡ್ ಬಾಂಡಿನ ಈಚಿನ ಕಂತುಗಳಲ್ಲಿ ಮರುಪಾವತಿಯ ಬೆಲೆ ಮೂರು ಕೆಲಸದ ದಿನಗಳ ಸರಾಸರಿ. ಬಂಗಾರ ಅಡವಿಟ್ಟು ಸಾಲ ತೆಗೆಯಲು ಬ್ಯಾಂಕಿಗೆ ಹೋದರೆ ರಿಸರ್ವ್ ಬ್ಯಾಂಕ್ ಹೇಳಿಕೊಟ್ಟ ಲೆಕ್ಕದಲ್ಲಿ ಮೂವತ್ತು ದಿನಗಳ ಸರಾಸರಿಯನ್ನೂ ನೋಡುತ್ತಾರೆ. ಒಂದೇ ಬಂಗಾರ, ಒಂದು ಕಚೇರಿಗೆ ವಾರ, ಇನ್ನೊಂದಕ್ಕೆ ಮೂರು ದಿನ, ಮತ್ತೊಂದಕ್ಕೆ ತಿಂಗಳು. ಇವತ್ತಿನ ಬೆಲೆ ಎಂದು ನಾವು ಕರೆಯುವುದು ಇವರಲ್ಲಿ ಯಾರ ಲೆಕ್ಕದಲ್ಲೂ ಇವತ್ತಿನದಲ್ಲ. ಸರಾಸರಿ ಎಂದರೆ ಲೋಹದ ಚಂಚಲತೆಗೂ ಮಾತಿನ ಸ್ಥಿರತೆಗೂ ನಡುವೆ ಮಾಡಿಕೊಂಡ ರಾಜಿ. ಕಿಟಕಿ ಕಿರಿದಾದರೆ ಕೊಳ್ಳುವವನಿಗೆ ಆಧಾರವಿಲ್ಲ. ಅಗಲವಾದರೆ ಲೆಕ್ಕ ಬಲ್ಲವನು ಪೇಟೆಗೂ ಟಂಕಸಾಲೆಗೂ ನಡುವಿನ ಅಂತರದಲ್ಲಿ ಲಾಭ ಹೊಡೆಯುತ್ತಾನೆ.

ಸಿಂಧನೂರಿನಲ್ಲಿ ಈ ತತ್ತ್ವವನ್ನೆಲ್ಲ ಒಂದು ಹಲಗೆ ಹೇಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಊರು. ಭತ್ತ ಮಾರಿದ ದುಡ್ಡು ಕೈಗೆ ಬಂದ ವಾರ ಬಂಗಾರದ ಅಂಗಡಿಯ ಮುಂದೆ ಚಪ್ಪಲಿ ಬಿಡಲು ಜಾಗವಿರುವುದಿಲ್ಲ. ಕಾಲುವೆಗೆ ನೀರು ಬಿಡುವ ಮುಂಚೆ ಅದೇ ಜನ ಅದೇ ಬಂಗಾರವನ್ನು ಗಿರವಿ ಇಡಲು ಬರುತ್ತಾರೆ. ಗಲ್ಲಾದ ಪಕ್ಕದಲ್ಲಿ ದಿನದ ದರ ಬರೆದ ಹಲಗೆ. ಮಗಳ ಮದುವೆಗೆ ಎರಡು ತೊಲಿ ಮಾಡಿಸಲು ಬಂದ ಹೆಂಗಸು ಮೊನ್ನೆ ಕೇಳಿ ಹೋದ ದರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬಂದಿರುತ್ತಾಳೆ. "ಮೊನ್ನೆ ಇಷ್ಟು ಹೇಳಿದ್ದಿ, ಇವತ್ತು ಇಷ್ಟ್ಯಾಕ ಆತಪಾ?" ಎಂದರೆ ಪತ್ತಾರ ಹೇಳುವುದು, "ಮೊನ್ನಿ ದರ ಮೊನ್ನಿಗೇ ಮುಗೀತು ಯಮ್ಮಾ. ನನ್ ಕೈಯಾಗ ಇರೋದು ಮಜೂರಿ ಒಂದ." ಯಾವ ಟಂಕಸಾಲೆಯ ಅಧಿಕಾರಿಯೂ ಇಷ್ಟು ನೇರವಾಗಿ ಹೇಳಿದ್ದನ್ನು ನಾನು ಓದಿಲ್ಲ. ಲೋಹ ನನ್ನ ಮಾತು ಕೇಳುವುದಿಲ್ಲ, ಮಜೂರಿ ಮಾತ್ರ ನನ್ನದು.

ಅಮೆರಿಕದ ಕಾಯಿದೆಯಲ್ಲಿ ಇದೇ ಮಾತು ಕಾನೂನಿನ ಭಾಷೆಯಲ್ಲಿದೆ. ಬಂಗಾರದ ಈಗಲ್ ನಾಣ್ಯಗಳನ್ನು ತಂದ 1985ರ ಕಾಯಿದೆಯ ಪ್ರಕಾರ ಮಾರುವ ಬೆಲೆ ಎಂದರೆ ಮಾರುವ ಹೊತ್ತಿನ ಲೋಹದ ಪೇಟೆ ಬೆಲೆ, ಅದರ ಮೇಲೆ ಟಂಕಿಸುವ, ಪ್ರಚಾರ ಮಾಡುವ, ಹಂಚುವ ಖರ್ಚು. ಅದಕ್ಕೆ ಬೇಕಾದ ಬಂಗಾರ ತಮ್ಮ ನೆಲದಲ್ಲೇ ಹೊಸದಾಗಿ ತೆಗೆದದ್ದಾಗಿರಬೇಕು, ಅದಕ್ಕೂ ಜಗತ್ತಿನ ಸರಾಸರಿ ದರಕ್ಕಿಂತ ಹೆಚ್ಚು ಕೊಡಕೂಡದು ಎಂದೂ ಅದು ವಿಧಿಸುತ್ತದೆ.

ಆದರೆ ಸಂಗ್ರಾಹಕರ ನಾಣ್ಯ ಎಂದ ಕೂಡಲೆ ಮೂರನೆಯದೊಂದು ಸೇರಿಕೊಳ್ಳುತ್ತದೆ. ಅದನ್ನು ಕಾಣಬೇಕಾದರೆ ಹಳೆಯ ಕಾಸಿನ ಸರವೊಂದನ್ನು ಅಂಗೈಯಲ್ಲಿಟ್ಟು ನೋಡಬೇಕು. ಸವರನ್ನುಗಳನ್ನೇ ಪೋಣಿಸಿದ ಸರ. ಪ್ರತಿ ಕಾಸಿನ ನೆತ್ತಿಗೆ ಬೆಸುಗೆ ಹಾಕಿದ ಪುಟ್ಟ ಕೊಂಡಿ, ಬೆಸುಗೆ ಹರಿದ ಕಡೆ ದೊರೆಯ ತಲೆ ಅರ್ಧ ಮುಚ್ಚಿಹೋಗಿರುತ್ತದೆ. ಎದೆಗೆ ತಾಗುವ ಬದಿ ಸವೆದು ನುಣ್ಣಗಾಗಿ ಕುದುರೆಯ ಕಾಲೂ ಸವಾರನ ಕತ್ತಿಯೂ ಕೈಗೆ ಸಿಗುವುದಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಸವರನ್ನನ್ನು ಮುಂಬೈಯಲ್ಲಿಯೇ ಟಂಕಿಸಿದರು. ಅಂಥದರ ಮೇಲೆ ಇಂಗ್ಲಿಷಿನ ಐ ಅಕ್ಷರ ಸಣ್ಣಗೆ ಇರುತ್ತದೆ. ಸಂಗ್ರಾಹಕ ಭೂತಗನ್ನಡಿ ಹಿಡಿದು ಆ ಅಕ್ಷರ ಹುಡುಕುತ್ತಾನೆ. ಕೊಂಡಿ ಕಂಡರೆ ಮುಖ ತಿರುಗಿಸುತ್ತಾನೆ. ಪತ್ತಾರ ಅಕ್ಷರವನ್ನೂ ನೋಡುವುದಿಲ್ಲ, ದೊರೆಯನ್ನೂ ನೋಡುವುದಿಲ್ಲ. ಒರೆಗಲ್ಲಿಗೆ ತಿಕ್ಕಿ, ತಕ್ಕಡಿಗೆ ಹಾಕಿ, ಬೆಸುಗೆಯ ತೂಕ ಕಳೆದು ಲೆಕ್ಕ ಹೇಳುತ್ತಾನೆ. ತೊಟ್ಟ ಅಜ್ಜಿಗೆ ಈ ಇಬ್ಬರ ಬೆಲೆಯೂ ಲೆಕ್ಕಕ್ಕಿರಲಿಲ್ಲ. ಒಂದೇ ಕಾಸಿಗೆ ಮೂರು ಬೆಲೆ, ಮೂರೂ ನಿಜ.

ಇನ್ನೂ ಹಿಂದಕ್ಕೆ ಹೋದರೆ, 1520ರಲ್ಲಿ ರಾಯಚೂರು ಕೋಟೆಗಾಗಿ ಬಿಜಾಪುರದೊಡನೆ ಕಾದಿದ ಕೃಷ್ಣದೇವರಾಯನ ವರಾಹ. ಸುಮಾರು 3.4 ಗ್ರಾಂ ತೂಗುವ ಪುಟ್ಟ ಬಿಲ್ಲೆ. ಅದು ಚಲಾವಣೆಯಲ್ಲಿದ್ದಾಗ ಮುದ್ರೆಯ ಕೆಲಸ ಇಷ್ಟು ತೂಕ, ಇಷ್ಟು ಶುದ್ಧಿ ಎಂದು ಭರವಸೆ ಕೊಡುವುದು. ಸಾಮ್ರಾಜ್ಯ ಹೋಯಿತು, ಆ ಭರವಸೆಗೆ ಹೊಣೆಗಾರ ಯಾರೂ ಇಲ್ಲ. ಆದರೂ ಇವತ್ತು ಸಂಗ್ರಾಹಕ ಅದಕ್ಕೆ ಲೋಹಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತಾನೆ. ಮುದ್ರೆಯ ಹಿಂದಿನ ಅಧಿಕಾರ ಅಳಿದ ಮೇಲೆ ಅದರ ಬೆಲೆ ಏರಿತು ಎಂಬುದನ್ನು ಎಷ್ಟು ಯೋಚಿಸಿದರೂ ನನಗೆ ಬೆರಗು ಕಡಿಮೆಯಾಗುವುದಿಲ್ಲ. ದೊರೆ ಇರುವವರೆಗೆ ಮುದ್ರೆ ಹೊಣೆಯಾಗಿತ್ತು, ಹೋದ ಮೇಲೆ ನೆನಪಾಯಿತು. ನೆನಪಿಗೆ ಬೆಲೆ ಕಟ್ಟಿದವರು ಜನ, ನೂರಾರು ವರ್ಷ ಕಾದು ಕಟ್ಟಿದರು.

ಈಗಿನ ಟಂಕಸಾಲೆಗಳು ಸಂಗ್ರಾಹಕರ ನಾಣ್ಯಕ್ಕೆ ಲೋಹವನ್ನೂ ಮಜೂರಿಯನ್ನೂ ಮೀರಿ ಕೇಳುವ ಹೆಚ್ಚಿನ ಹಣ ಯಾವುದರದು ಎಂದು ಕೇಳಿಕೊಂಡರೆ ಉತ್ತರ ಇಲ್ಲಿದೆ. ಇನ್ನೂ ಹುಟ್ಟದ ನೆನಪಿಗೆ ಮುಂಗಡ. ಸೀಮಿತ ಸಂಖ್ಯೆ, ಮಖಮಲ್ಲಿನ ಪೆಟ್ಟಿಗೆ, ಕನ್ನಡಿಯಂಥ ಹೊಳಪು, ಇವುಗಳ ಖರ್ಚನ್ನು ಕೇಳುವುದು ನ್ಯಾಯ. ಅದನ್ನು ಮೀರಿದ್ದು ನಾಳೆ ಜನ ಕಟ್ಟಬಹುದಾದ, ಕಟ್ಟದೆಯೂ ಇರಬಹುದಾದ ಬೆಲೆ. ಬಂಗಾರದ ದರ ನಿಧಾನವಾಗಿ ಹೋಗುವಾಗ ಈ ಮುಂಗಡ ಎದ್ದು ಕಾಣುತ್ತದೆ. ಓಡುವಾಗ ಅದರೊಳಗೆ ಮುಚ್ಚಿಹೋಗುತ್ತದೆ. 2025ರಲ್ಲಿ ಹತ್ತು ಗ್ರಾಂ ಒಂದು ಲಕ್ಷ ರೂಪಾಯಿ ದಾಟಿತು, ಅಕ್ಟೋಬರಿನಲ್ಲಿ ಔನ್ಸಿಗೆ ನಾಲ್ಕು ಸಾವಿರ ಡಾಲರೂ ಆಯಿತು. ಇಂಥ ಏರಿಕೆಯಲ್ಲಿ ಕೊಂಡವನು ಗೆದ್ದೆ ಎಂದುಕೊಳ್ಳುತ್ತಾನೆ. ಗೆಲ್ಲಿಸಿದ್ದು ಲೋಹವೋ ಮುದ್ರೆಯೋ ಎಂದು ಬಿಡಿಸಿ ನೋಡುವುದಿಲ್ಲ. ಬೆಳ್ಳಿಯ ಕಥೆ ಇನ್ನೂ ವಿಚಿತ್ರ. ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷವಾದ ನೆನಪಿಗೆ ಸರ್ಕಾರ ಟಂಕಿಸಿದ ಸಾವಿರ ರೂಪಾಯಿಯ ನಾಣ್ಯ 35 ಗ್ರಾಂ, ಅದರಲ್ಲಿ ನೂರಕ್ಕೆ ಎಂಬತ್ತು ಭಾಗ ಬೆಳ್ಳಿ. ಮುಖದ ಮೇಲೆ ಸಾವಿರ ಎಂದಿದೆ. ಒಳಗಿನ 28 ಗ್ರಾಂ ಬೆಳ್ಳಿ ಈಗಿನ ಪೇಟೆಯಲ್ಲಿ ಸಾವಿರವನ್ನು ಎಂದೋ ದಾಟಿದೆ. ನಾಣ್ಯ ಕರಗಿಸುವುದು 2011ರ ನಾಣ್ಯ ಕಾಯಿದೆಯಲ್ಲಿ ಅಪರಾಧ. ಮುದ್ರೆಯ ಮಾತು ಅಲ್ಲಿ ಲೋಹವನ್ನು ಕಾನೂನಿನ ಬಲದಿಂದ ಹಿಡಿದಿಟ್ಟಿದೆ.

ದರದ ಏರಿಕೆ ಹಟ್ಟಿಯ ಒಳಗೂ ಒಂದು ಕೆಲಸ ಮಾಡುತ್ತದೆ. ಒಂದು ಟನ್ ಬಂಡೆ ಮೇಲೆ ತಂದು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ. ಯಾವ ಬಂಡೆಯನ್ನು ಅದಿರು ಎನ್ನಬೇಕು, ಯಾವುದನ್ನು ಕಲ್ಲೆಂದು ಬಿಡಬೇಕು ಎಂಬ ಗೆರೆಯನ್ನು ಎಳೆಯುವುದು ದರ. ದರ ಏರಿದರೆ ನಿನ್ನೆಯ ಕಲ್ಲು ಇವತ್ತು ಅದಿರಾಗುತ್ತದೆ, ಬಂಡೆಯೊಳಗೆ ಒಂದು ಕಣವೂ ಹೆಚ್ಚದೆ. ಎರಡು ಸಾವಿರ ವರ್ಷದ ಹಿಂದೆ 640 ಅಡಿ ಇಳಿದವರು ನಿಂತಲ್ಲಿ ನಿಂತದ್ದಕ್ಕೆ ನೀರು, ಉಸಿರು ಕಾರಣವಿರಬೇಕು. ಈಗ ನಿಲ್ಲಬೇಕೋ ಮುಂದೆ ಹೋಗಬೇಕೋ ಎಂಬುದರಲ್ಲಿ ಲಂಡನ್ನಿನ ಮಧ್ಯಾಹ್ನದ ದರಕ್ಕೂ ಪಾಲಿದೆ. ಆದರೆ ಕೆಳಗಿಳಿದ ಕಾರ್ಮಿಕನ ಪಾಳಿ ಎಂಟು ಗಂಟೆಯದೇ, ಶೆಕೆ ಅದೇ, ಧೂಳು ಅದೇ. ನಾಣ್ಯದ ಬೆಲೆಯ ಯಾವ ಕೋಷ್ಟಕದಲ್ಲೂ ಅವನಿಗೆ ಒಂದು ಕಲಂ ಇಲ್ಲ. ಲೋಹದ ದರದಲ್ಲಿ ಅದು ಸೇರಿದೆ ಎನ್ನುತ್ತಾರೆ. ಸೇರಿದೆ ಎಂದರೆ ಕಾಣದಂತೆ ಸೇರಿದೆ.

ಹಾಗಾದರೆ ಸರ್ಕಾರ ಮಾತು ಕೊಡಲೇಬಾರದೆ? ಕೊಡಬಹುದು, ಕೊಟ್ಟು ಉಳಿಸಿಕೊಂಡದ್ದೂ ಇದೆ. ಮೊದಲ ಗೋಲ್ಡ್ ಬಾಂಡನ್ನು 2015ರ ನವೆಂಬರಿನಲ್ಲಿ ಗ್ರಾಂಗೆ 2,684 ರೂಪಾಯಿಗೆ ಮಾರಿದರು. ಎಂಟು ವರ್ಷ ತುಂಬಿ 2023ರ ನವೆಂಬರಿನಲ್ಲಿ ಗ್ರಾಂಗೆ 6,132 ರೂಪಾಯಿ ಕೊಟ್ಟರು, ನಡುವೆ ಬಡ್ಡಿ ಬೇರೆ. ಸರ್ಕಾರಕ್ಕೆ ಇದು ದುಬಾರಿ ಸಾಲ. 2024ರ ಫೆಬ್ರವರಿಯ ಕಂತಾದ ಮೇಲೆ ಹೊಸ ಬಾಂಡ್ ಬಂದಿಲ್ಲ. ಡಾಲ್‌ಹೌಸಿಯ ಸರ್ಕಾರವೂ ಹಿಂದೆ ಸರಿದಿತ್ತು, ಇದೂ ಸರಿಯಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನಾನು ಒಪ್ಪುವುದಿಲ್ಲ. ಅವರು ಕೊಟ್ಟಿದ್ದ ಮಾತನ್ನು ನಡುದಾರಿಯಲ್ಲಿ ಹಿಂತೆಗೆದುಕೊಂಡರು. ಇವರು ಹೊಸ ಮಾತು ಕೊಡುವುದನ್ನು ನಿಲ್ಲಿಸಿದರು, ಅವಧಿ ತುಂಬಿದ ಹಳೆಯ ಮಾತಿಗೆ ಹಣ ಎಣಿಸಿದರು. ಸರ್ಕಾರದ ಮುದ್ರೆಗೆ ಇರಬೇಕಾದ ಮರ್ಯಾದೆ ಇದು: ತನ್ನ ವಶದಲ್ಲಿಲ್ಲದ ಲೋಹದ ಬಗ್ಗೆ ಅಂಕಿ ಹೇಳದೆ ಲೆಕ್ಕದ ರೀತಿಯನ್ನು ಮೊದಲೇ ಹೇಳುವುದು, ಹೇಳಿದ ರೀತಿಯಲ್ಲೇ ಕೊನೆಯವರೆಗೆ ನಡೆಯುವುದು. ಮಸ್ಕಿಯ ಬಂಡೆಯ ಮೇಲೂ ಧರ್ಮದಲ್ಲಿ ನಡೆದರೆ ಸಣ್ಣವರೂ ಆ ಎತ್ತರ ಮುಟ್ಟಬಹುದು, ಅದು ದೊಡ್ಡವರಿಗೆ ಮಾತ್ರ ಮೀಸಲಲ್ಲ ಎಂಬ ಅರ್ಥದ ಮಾತಿದೆ. ಆ ಮಾತಿಗೆ ದರ ಇಲ್ಲದ್ದರಿಂದ ಯಾರೂ ಅದನ್ನು ತಿದ್ದಬೇಕಾಗಿ ಬಂದಿಲ್ಲ.

ರಾಜ್ಯ ಸರ್ಕಾರದ ಕಂಪನಿಯಾದ ಹಟ್ಟಿಯ ಬಂಗಾರದಲ್ಲೇ ಮುಂದೆ ನಾಣ್ಯ ಬರಲಿ ಎಂದು ಆಸೆಪಡುವವರಲ್ಲಿ ನಾನೂ ಒಬ್ಬ. ಬಂದರೆ ಅದರ ರಸೀದಿ ಬಿಡಿಬಿಡಿಯಾಗಿರಲಿ: ಇಂಥ ದಿನಗಳ ಸರಾಸರಿಯಲ್ಲಿ ಲೋಹಕ್ಕೆ ಇಷ್ಟು, ಟಂಕಿಸಿದ ಖರ್ಚು ಇಷ್ಟು, ತೆರಿಗೆ ಇಷ್ಟು. ಮರಳಿ ತಂದರೆ ಯಾವ ಲೆಕ್ಕದಲ್ಲಿ ತೆಗೆದುಕೊಳ್ಳುತ್ತೇವೆ ಎಂಬುದೂ ಅದೇ ಕಾಗದದಲ್ಲಿ ಇರಲಿ. ನೆನಪಿನ ಬೆಲೆಯನ್ನು ಜನಕ್ಕೆ ಬಿಟ್ಟುಬಿಡಲಿ. ಅದು ಬರುವವರೆಗೆ, ಸಿಂಧನೂರಿನಲ್ಲಾಗಲಿ ಲಿಂಗಸುಗೂರಿನಲ್ಲಾಗಲಿ ನಾಣ್ಯ ಕೊಳ್ಳುವವರು ದುಡ್ಡು ಎಣಿಸುವ ಮುಂಚೆ ಒಂದು ಪ್ರಶ್ನೆ ಕೇಳಿ: ಇದನ್ನೇ ನಾಳೆ ತಂದರೆ ನೀವು ಎಷ್ಟಕ್ಕೆ ತೆಗೆದುಕೊಳ್ಳುತ್ತೀರಿ? ಉತ್ತರವನ್ನು ಬರೆಸಿಕೊಂಡೇ ಮನೆಗೆ ಹೋಗಿ.